ಮೂರ್ಗೋಸ್ ಕರಗಿದ ನೀರು

ಕ್ರಿಯೋನೆರಿ,
ಫೆಬ್ರವರಿ ೮, ಭಾನುವಾರ

ನನ್ನ ಹೆಸರನ್ನೇ ಮೊಟಕು ಮಾಡಿ ಹೊತ್ತು, ನನ್ನ ಮಾತನ್ನು ಮಾತ್ರ ಹೊರಲಾರದ ಮೊಮ್ಮಗಳು ಮಟೀನಾಳಿಗೆ,

ನಿನ್ನ ಅಜ್ಜಿ ಸ್ತಮಾತಾ ಬರೆಯುವುದು. ನಾನು ಚೆನ್ನಾಗಿದ್ದೇನೆ. ಕಣ್ಣು ಚೆನ್ನಾಗಿದೆ. ಕೋಳಿಗಳು ಚೆನ್ನಾಗಿವೆ. ನೀನೂ ಚೆನ್ನಾಗಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಬೈಗುಳ.

ಫೋನು ಯಾಕೆ ಮಾಡಲಿಲ್ಲ ಅಂದರೆ, ಫೋನಿನಲ್ಲಿ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಮೂರು ಮಾತಾಡುತ್ತೀಯ, ಆಮೇಲೆ ಅಳುತ್ತೀಯ, ನೀನು ಅತ್ತ ಮೇಲೆ ನಾನು ಬಾಯಿ ಮುಚ್ಚಿಕೊಳ್ಳಬೇಕು. ಕಾಗದದ ಮುಂದೆ ಆ ತೊಂದರೆ ಇಲ್ಲ. ಅಲ್ಲದೆ ಹನ್ನೆರಡು ದಿನದಿಂದ ನೀನೂ ಫೋನು ಮಾಡಿಲ್ಲ. ಮಾಡಬೇಡ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರು ಬೆರಳಿಗೆ ಹೊಡೆದು ಕಲಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಸೊಟ್ಟಗಿದೆ ಅಂತ ನಗಬೇಡ. ಅಕ್ಷರ ಸೊಟ್ಟ, ಮಾತು ನೆಟ್ಟಗೇ ಇದೆ. ಇದನ್ನು ಮಂಗಳವಾರದ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಡುತ್ತೇನೆ. ಒಂದು ಡಜನ್ ಮೊಟ್ಟೆಯೂ ಇರುತ್ತದೆ. ಮೊಟ್ಟೆ ಕಳಿಸಿದಳು ಅಂದರೆ ಕೋಪ ಇಳಿದಿದೆ ಅಂತ ತಿಳಿಯಬೇಡ. ಕೋಳಿಗಳಿಗೆ ನಿನ್ನ ಮೇಲೆ ಕೋಪ ಇಲ್ಲ, ಇಡುತ್ತಿವೆ, ಅಷ್ಟೇ.

ನಡೆದದ್ದನ್ನೆಲ್ಲ ನನ್ನ ಕಡೆಯಿಂದ ಒಂದು ಸಲ ಓದು.

ನಾನು ಲಾರಿಸ್ಸಾದ ಆಸ್ಪತ್ರೆಗೆ ಹೋದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ನಾಯಿಯನ್ನು ತೆಗೆಸಿಕೊಳ್ಳಲು ಅಲ್ಲ. ಒಂದು ವಾರ ನಿಮ್ಮಪ್ಪನ ಮನೆಯಲ್ಲಿ ಇರಬೇಕು ಅಂದರು, ಇದ್ದೆ. ಇಲ್ಲಿ ಮನೆ ನೋಡಿಕೊಳ್ಳಲು ನೀನು ಬಂದೆ. ಬೀಗದ ಕೈ ಕೊಡುವಾಗ ಮೂರು ಮಾತು ಹೇಳಿದ್ದೆ. ಕತ್ತಲಾಗುವ ಮೊದಲು ಕೋಳಿಗೂಡು ಮುಚ್ಚು. ಒಲೆಗೆ ಹಸಿ ಸೌದೆ ಹಾಕಬೇಡ. ನಮ್ಮ ನಾಯಿ ಮೂರ್ಗೋಸನಿಗೆ ಏನಾದರೂ ಆದರೆ ಮೊದಲು ನನಗೆ ಹೇಳು. ಕೋಳಿ ಬದುಕಿವೆ, ಹೊಗೆಗೂಡು ಕಟ್ಟಿಲ್ಲ. ಮೂರನೆಯ ಮಾತು ಎಲ್ಲಿ ಹೋಯಿತು?

ಅವನು ಸತ್ತದ್ದಕ್ಕೆ ನಿನ್ನನ್ನು ಬೈಯುವುದಿಲ್ಲ. ಹದಿನಾಲ್ಕು ವರ್ಷದ ಕುರಿನಾಯಿ, ಹಿಂಗಾಲು ಬಿದ್ದುಹೋಗಿತ್ತು, ಒಲೆಯ ಪಕ್ಕ ನಿದ್ದೆಯಲ್ಲೇ ಹೋದ. ಅಷ್ಟು ಒಳ್ಳೆಯ ಸಾವು ಈ ಊರಿನಲ್ಲಿ ಯಾವ ಗಂಡಸಿಗೂ ಸಿಕ್ಕಿಲ್ಲ. ನೀನು ನಿಮ್ಮಪ್ಪನಿಗೆ ಫೋನು ಮಾಡಿದೆ. ಆ ಜಾಣ ಏನಂದ? "ಅಮ್ಮನಿಗೆ ಹೇಳ್ಬೇಡ ಕಣೇ, ಅತ್ತರೆ ಕಣ್ಣು ಕೆಡುತ್ತೆ." ನಾನು ಪಕ್ಕದ ಕೋಣೆಯಲ್ಲೇ ಇದ್ದೆ, ಒಂದು ಕಣ್ಣಿಗೆ ಪಟ್ಟಿ ಇತ್ತು, ಎರಡು ಕಿವಿಗೂ ಇರಲಿಲ್ಲ. ಆದರೂ ಯಾರ ವಿಷಯ ಅಂತ ಗೊತ್ತಾಗಲಿಲ್ಲ. ನನ್ನ ಕಣ್ಣನ್ನು ನನಗಿಂತ ನೀವೇ ಚೆನ್ನಾಗಿ ಕಾದಿರಿ. ಆ ಕಣ್ಣಿಗೆ ಮೊದಲು ಏನನ್ನು ತೋರಿಸಿದಿರಿ?

ಪಟ್ಟಿ ಬಿಚ್ಚಿದ ದಿನ ನೀನು ಬಂದೆ. ಹತ್ತು ವರ್ಷದ ಮೇಲೆ ಅಷ್ಟು ಸ್ಪಷ್ಟವಾಗಿ ನಾನು ನೋಡಿದ ಮೊದಲ ವಸ್ತು ನಿನ್ನ ಕೈಯಲ್ಲಿದ್ದ ಬಿಳಿ ರಟ್ಟಿನ ಡಬ್ಬಿ. ಮೇಲೆ ನಾಯಿಯ ಪಾದ ಅಚ್ಚು ಹಾಕಿದ್ದಿರಿ, ನಾಲ್ಕು ಬೆರಳಿನದು. ಅದು ಯಾವ ಮನೆಯ ನಾಯಿಯದೋ. ಮೂರ್ಗೋಸನ ಮುಂಗಾಲಿಗೆ ಮೂರೇ ಬೆರಳು, ಒಂದನ್ನು ತೋಳ ತಿಂದಿತ್ತು. ಅದು ನಿನಗೂ ಗೊತ್ತು, ಆ ಕಾಲಿಗೆ ಬಟ್ಟೆ ಸುತ್ತಿದವಳೇ ನೀನು.

"ಅಜ್ಜೀ, ಕೂತ್ಕೋ" ಅಂದೆ.

"ಕೂತೇ ಇದೀನಲ್ಲೇ. ಏನದು, ಸಕ್ಕರೆ ಪುಡಿನಾ?"

"ಮೂರ್ಗೋಸ್, ಅಜ್ಜಿ."

ನಾನು ಡಬ್ಬಿಯೊಳಗೆ ನೋಡಿದೆ. ಹಬ್ಬದ ಬಿಸ್ಕತ್ತಿನ ಮೇಲೆ ಉದುರಿಸುವಂಥ ಬಿಳಿ ಪುಡಿ. ನಲವತ್ತೈದು ಕಿಲೋ ತೂಗುತ್ತಿದ್ದ, ಕರಡಿಯನ್ನು ಗುಡ್ಡದ ಆಚೆ ತನಕ ಅಟ್ಟಿ ಬಂದ ಪ್ರಾಣಿ, ಕೈಯಲ್ಲಿ ಹಿಡಿದರೆ ಗೋಧಿಹಿಟ್ಟಿನ ಪೊಟ್ಟಣ.

ನೀನು ನನ್ನ ಮೊಣಕಾಲು ಹಿಡಿದು ಕೂತು ಒಂದೇ ಉಸಿರಿನಲ್ಲಿ ಹೇಳಿದೆ. "ಸುಟ್ಟಿಲ್ಲ ಅಜ್ಜಿ, ಹೆದರಬೇಡ. ಬೆಂಕಿ ಇಲ್ಲ, ಹೊಗೆ ಇಲ್ಲ, ಗಾಳಿ ಕೆಡಲ್ಲ. ಬರೀ ಬೆಚ್ಚಗಿನ ನೀರು, ಅದರಲ್ಲಿ ಒಂಚೂರು ಕ್ಷಾರ. ಇಪ್ಪತ್ತು ಗಂಟೆ ನೀರು ಮೆಲ್ಲಗೆ ಹರೀತಾ ಇರುತ್ತೆ. ಮಣ್ಣಲ್ಲಿ ವರ್ಷಗಟ್ಟಲೆ ಆಗೋದು ಒಂದು ದಿನಕ್ಕೆ ಆಗುತ್ತೆ, ಅಷ್ಟೇ ವ್ಯತ್ಯಾಸ. ಮೂಳೆ ಉಳಿಯುತ್ತೆ, ಅದನ್ನ ಪುಡಿ ಮಾಡ್ತೀವಿ. ಉಳಿದ ನೀರು ಗಿಡಕ್ಕೆ ಒಳ್ಳೇದು. ನಿನ್ನ ಪಾಲಿಂದು ತಂದಿದೀನಿ ನೋಡು." ನೀಲಿ ಕ್ಯಾನು, ಹತ್ತು ಲೀಟರಿನದು, ಒಳಗೆ ತೆಳ್ಳನೆ ಚಹಾದ ಬಣ್ಣ. "ಬೇಸಿಗೆಗೆ ಟೊಮೇಟೊ ಬುಡಕ್ಕೆ ಹಾಕು ಅಜ್ಜಿ."

ಟೊಮೇಟೊ!

"ಕ್ಷಾರ ಅಂದ್ರೆ ಏನೇ?" ಅಂತ ಕೇಳಿದೆ.

ನೀನು ಕ್ಯಾನಿನ ಮುಚ್ಚಳ ಬಿಗಿ ಮಾಡಿದೆ. ಅದನ್ನು ನೋಡಿಯೇ ನನಗೆ ಗೊತ್ತಾಯಿತು. "ಕಾಸ್ಟಿಕ್ ಸೋಡಾ ಇರುತ್ತಲ್ಲ ಅಜ್ಜಿ, ಅದರ ತಮ್ಮ ಅನ್ಕೋ."

ಹುಡುಗೀ, ನಾನು ಐವತ್ತು ವರ್ಷ ಸಾಬೂನು ಕುದಿಸಿದವಳು. ಕ್ರಿಸ್ಮಸ್ಸಿಗೆ ಕಡಿದ ಹಂದಿಯ ಕೊಬ್ಬನ್ನು ಕೂಡಿಟ್ಟು, ಮಾರ್ಚ್‌ನಲ್ಲಿ ಅಂಗಳದ ಹಂಡೆಗೆ ಹಾಕಿ, ಕಾಸ್ಟಿಕ್ ಸುರಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೋಲು ತಿರುವುತ್ತ ನಿಂತವಳು. ಕೊಬ್ಬಿಗೆ ಕಾಸ್ಟಿಕ್ ಬಿದ್ದರೆ ಏನಾಗುತ್ತದೆ ಅಂತ ನನಗೆ ಯಾವ ಕಾಲೇಜಿನವರೂ ಹೇಳಬೇಕಿಲ್ಲ. ನನ್ನ ಎಡಗೈ ಮಣಿಕಟ್ಟಿನ ಗುರುತು ಅದರದೇ. ನೀನು ಬೆಚ್ಚಗಿನ ನೀರು ಅಂದೆ, ಮೆಲ್ಲಗೆ ಅಂದೆ. ತೊಟ್ಟಿಲು ತೂಗುವವಳ ಹಾಗೆ ಹೇಳಿದೆ. ನನ್ನ ಕಣ್ಣಿಗೆ ಕಂಡದ್ದು ಅಂಗಳದ ಹಂಡೆ, ಹಂಡೆಯೊಳಗೆ ನನ್ನ ಮೂರ್ಗೋಸ್.

ಆಮೇಲೆ ನೀನು ಈ ನೀರಿನ ಕೆಲಸ ಮಾಡುವ ಶೆಡ್ಡು ನೋಡಬೇಕು ಅಂತ ಹಟ ಮಾಡಿದವಳು ನಾನೇ, ಒಪ್ಪುತ್ತೇನೆ. ನಿಮ್ಮಪ್ಪ ಬೇಡ ಅಂದ. ನೀನು "ಬರಲಿ ಬಿಡಪ್ಪಾ, ನೋಡಿದ್ರೆ ಸಮಾಧಾನ ಆಗುತ್ತೆ" ಅಂದೆ. ಅಜ್ಜಿಗೆ ಸಮಾಧಾನ ಆಗುತ್ತೆ ಅಂತ ಮೂವತ್ತೊಂದು ವರ್ಷಕ್ಕೂ ನಂಬಿದ್ದೀಯಲ್ಲ, ನಿನಗೆ ಬುದ್ಧಿ ಯಾವಾಗ ಬರುತ್ತದೆ?

ಶೆಡ್ಡು ಚೊಕ್ಕಟವಾಗಿತ್ತು. ಅದನ್ನೂ ಒಪ್ಪುತ್ತೇನೆ. ಹಾಲಿನ ಡೇರಿಯ ಹಾಗೆ ಸ್ಟೀಲಿನ ದೊಡ್ಡ ಪೀಪಾಯಿ, ಒಳಗೆ ತೂತಿನ ಬುಟ್ಟಿಗಳು, ಒಂದೊಂದು ಬುಟ್ಟಿಗೂ ಒಂದೊಂದು ಹೆಸರಿನ ಚೀಟಿ. ವಾಸನೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಬೈಯಲು ಒಂದು ನೆಪ ಸಿಗುತ್ತಿತ್ತು. ಆ ಹೊತ್ತಿಗೆ ಬೂದು ಕೋಟಿನ ಹೆಂಗಸು ಬಂದಳು, ಟವೆಲಿನಲ್ಲಿ ಸುತ್ತಿದ ಬೆಕ್ಕನ್ನು ಮಗುವಿನ ಹಾಗೆ ಎತ್ತಿಕೊಂಡು. ನೀನು ಅವಳ ಬೆನ್ನು ಸವರಿ ಅದೇ ಮಾತು ಶುರು ಮಾಡಿದೆ, ಬೆಚ್ಚಗಿನ ನೀರು, ಮೆಲ್ಲಗೆ. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ನಿಮ್ಮ ಬೆಕ್ಕನ್ನ ಮನೆಗೆ ತಗೊಂಡ್ಹೋಗಿ. ಇಲ್ಲಿ ಸಾಬೂನು ಮಾಡ್ತಾರೆ!"

ಅವಳು ನನ್ನ ಮುಖ ನೋಡಿದಳು, ನಿನ್ನ ಮುಖ ನೋಡಿದಳು, ಬೆಕ್ಕನ್ನು ಎದೆಗೆ ಒತ್ತಿಕೊಂಡು ಹೊರಟೇ ಹೋದಳು. ನೀನು ಬಾಗಿಲ ತನಕ ಓಡಿದೆ, ವಾಪಸು ಬಂದೆ. ಕೂಗಾಡಲಿಲ್ಲ. ಬಿಳಿಚಿದ ಮುಖದಲ್ಲಿ ಒಂದೇ ಮಾತು ಅಂದೆ: "ಅಜ್ಜಿ, ನೀನು ಇನ್ನು ಇಲ್ಲಿಗೆ ಬರಬೇಡ."

ಬರುವುದಿಲ್ಲ. ಆದರೆ ಇದು ಅರ್ಧ ಕೋಪ. ಇದಕ್ಕಾದರೆ ಬರೀ ಮೊಟ್ಟೆ ಕಳಿಸಿ ಸುಮ್ಮನಾಗುತ್ತಿದ್ದೆ, ಕಾಗದ ಹಾಳು ಮಾಡುತ್ತಿರಲಿಲ್ಲ. ಉಳಿದರ್ಧ ಕೇಳು.

ಮೂಳೆ ಎಲ್ಲಿ?

ಈ ಊರಿನಲ್ಲಿ ಸತ್ತವರನ್ನು ಐದು ವರ್ಷಕ್ಕೆ ಮಣ್ಣಿನಿಂದ ತೆಗೆದಾಗ ಮೂಳೆ ತೊಳೆಯಲು ಯಾರನ್ನು ಕರೆಯುತ್ತಾರೆ? ನಿನ್ನ ಅಜ್ಜಿಯನ್ನು. ನನ್ನ ಅತ್ತೆಯ ಮೂಳೆ ನಾನು ತೊಳೆದೆ, ನಮ್ಮ ಮೇಷ್ಟರದು ತೊಳೆದೆ, ಹತ್ತೊಂಬತ್ತಕ್ಕೇ ಬೈಕಿನಿಂದ ಬಿದ್ದು ಸತ್ತ ಹುಡುಗನದು ಅವರಮ್ಮನ ಕೈ ಹಿಡಿದು ಅವಳಿಂದಲೇ ತೊಳೆಸಿದೆ. ಕೆಂಪು ವೈನಿನಲ್ಲಿ ಒಂದೊಂದೇ ಮೂಳೆ, ಕಾಲಿನಿಂದ ಶುರು ಮಾಡಿ, ತಲೆ ಕೊನೆಗೆ. ತೊಳೆದದ್ದನ್ನು ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಇಟ್ಟು, ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುತ್ತು ಕೊಟ್ಟು, ಆಮೇಲೆ ಪೆಟ್ಟಿಗೆಗೆ. ಅಲ್ಲಿಗೆ ಸತ್ತವರು ಸತ್ತ ಹಾಗೆ. ಅದಕ್ಕೆ ಮೊದಲು ಅವರು ದಾರಿಯಲ್ಲೇ ಇರುತ್ತಾರೆ. ಮೇಣದ ಬಣ್ಣದ ಮೂಳೆ ಬಂದರೆ ಜೀವ ತಣ್ಣಗಿದೆ ಅಂತ. ಕಪ್ಪು ಬಂದರೆ ಯಾರಿಗೋ ಏನೋ ಬಾಕಿ ಇದೆ ಅಂತ.

ನಿನ್ನ ಪೀಪಾಯಿಯಿಂದ ಅವನ ಮೂಳೆ ಹೇಗೆ ಬಂದವು ಅಂತ ಆವತ್ತು ಕೇಳಿದೆ. "ತುಂಬಾ ಬೆಳ್ಳಗೆ ಅಜ್ಜಿ, ನಾನು ಅಷ್ಟು ಬೆಳ್ಳಗಿನ ಮೂಳೆ ನೋಡೇ ಇಲ್ಲ" ಅಂದೆ. ಹಾಗಿದ್ದರೆ ಇಟ್ಟುಕೊಳ್ಳಬೇಕಿತ್ತು! ನನ್ನ ಮುಂದೆ ಒಂದು ಬಟ್ಟೆ ಹಾಸಿ, ಅಜ್ಜೀ ಇದು ಅವನ ತಲೆ, ಇದು ಆ ಮೂರು ಬೆರಳಿನ ಕಾಲು ಅಂತ ಕೊಟ್ಟಿದ್ದರೆ ನಿನ್ನ ಹಂಡೆಯನ್ನೂ ನುಂಗಿಕೊಳ್ಳುತ್ತಿದ್ದೆ. ನೀನು ಗಿರಣಿಗೆ ಹಾಕಿ ಕಾಫಿಯ ಹಾಗೆ ಬೀಸಿದೆ. ಯಾಕೆ ಅಂದರೆ, "ಎಲ್ಲರೂ ಪುಡಿನೇ ಕೇಳ್ತಾರೆ ಅಜ್ಜಿ, ಮೂಳೆ ನೋಡಿದ್ರೆ ಜನ ಹೆದರ್ತಾರೆ." ನಾನು ಯಾವಾಗ ಕೇಳಿದೆ? ನಾನು ಯಾವಾಗ ಹೆದರಿದೆ? ಮೂಳೆ ತೊಳೆಯುವವಳ ಮೊಮ್ಮಗಳು, ಇಡೀ ಗ್ರೀಸ್ ದೇಶದಲ್ಲಿ ಒಬ್ಬಳನ್ನು ಮಾತ್ರ ಕೇಳಬೇಕಿತ್ತು, ಅವಳನ್ನೇ ಬಿಟ್ಟೆ.

"ನೆಲ ಹೆಪ್ಪುಗಟ್ಟಿತ್ತು ಅಜ್ಜಿ, ಹಾರೆ ಇಳೀಲಿಲ್ಲ, ಹೂಳೋಕೆ ಆಗ್ಲಿಲ್ಲ" ಅಂತ ಅತ್ತೆ. ಜನವರಿಯಲ್ಲಿ ಕ್ರಿಯೋನೆರಿಯ ನೆಲ ಹೆಪ್ಪುಗಟ್ಟುತ್ತದೆ ಅಂತ ನನಗೆ ಗೊತ್ತಿಲ್ಲವೇ? ಅದಕ್ಕೇ ಅಕ್ಟೋಬರಿನಲ್ಲೇ ತೋಡಿಟ್ಟಿದ್ದೆ. ಹೌದು, ಗುಂಡಿ. ಸ್ಮಶಾನದ ಗೋಡೆಯ ಹೊರಗೆ, ನಿಮ್ಮ ತಾತ ಝೀಸಿಸ್ ಮಲಗಿರುವ ಜಾಗದ ತಲೆಯ ಕಡೆಗೆ ಸರಿಯಾಗಿ. ನಾಲ್ಕು ದಿನ ಹಿಡಿಯಿತು, ಎಪ್ಪತ್ತೊಂಬತ್ತು ವರ್ಷದ ಸೊಂಟ. ಮೇಲೆ ತಗಡು ಮುಚ್ಚಿ, ತಗಡಿನ ಮೇಲೆ ಕಲ್ಲು ಹೇರಿದ್ದೆ. ಪಾದ್ರಿ ಲಾಂಬ್ರೋಸ್‌ಗೂ ಹೇಳಿದ್ದೆ. "ಗೋಡೆಯ ಹೊರಗೆ ನನ್ನ ಕಣ್ಣು ಹೋಗಲ್ಲ ಸ್ತಮಾತಮ್ಮ" ಅಂದಿದ್ದರು. ಆ ಗುಂಡಿಗೆ ನನ್ನ ಕೈಯಾರೆ ಮೂರ್ಗೋಸನನ್ನು ಇಳಿಸಬೇಕಿತ್ತು. ಅಲ್ಲೇ ಯಾಕೆ, ನಾನೇ ಯಾಕೆ ಅಂದರೆ ಅದು ನನ್ನ ವಿಷಯ. ನೀನು ಒಂದು ಫೋನು ಮಾಡಿದ್ದರೆ ಸಾಕಿತ್ತು. "ಅಜ್ಜೀ, ಹೋಗ್ಬಿಟ್ಟ." "ಹಿತ್ತಲ ಕೊಟ್ಟಿಗೇಲಿ ಮಲಗಿಸು, ಅಲ್ಲಿ ಹಿಮಕ್ಕಿಂತ ತಣ್ಣಗಿದೆ, ನಾನು ಬರ್ತೀನಿ." ಇಷ್ಟೇ ಮಾತು.

ನಾನು ಊರಿಗೆ ಬಂದು ತಗಡು ಸರಿಸಿದರೆ ಗುಂಡಿ ಹಾಗೇ ಬಾಯಿ ತೆರೆದುಕೊಂಡಿತ್ತು. ನನ್ನ ನಾದಿನಿ ಕಲ್ಲಿರೋಯಿ ನೋಡಿ ಬಂದು ಕೇಳಿದಳು, "ಅತ್ತಿಗೆ, ಅದು ನಿಂಗೇನಾ?"

"ನಿನ್ನ ನಾಲಿಗೇಗೆ ಕಣೇ. ದೇಹಕ್ಕೆ ಬೇರೆ ತೋಡ್ಸಿಕೋ" ಅಂದೆ.

ಸೋಮವಾರ.

ನಿನ್ನೆ ಕೈ ಬಿದ್ದುಹೋಯಿತು, ನಿಲ್ಲಿಸಿದೆ. ಕೋಪ ತಣ್ಣಗಾಗಲಿ ಅಂತ ಮಲಗಿದೆ. ಬೆಳಿಗ್ಗೆ ಎದ್ದರೆ ನನಗಿಂತ ಮೊದಲೇ ಅದು ಎದ್ದು ಕೂತಿತ್ತು.

ಈ ಶನಿವಾರ ಸತ್ತವರ ಶನಿವಾರ, ಊರೆಲ್ಲ ತೀರಿಕೊಂಡವರನ್ನು ನೆನೆಯುವ ದಿನ. ನಿಮ್ಮ ತಾತನನ್ನು ಎರಡನೇ ಸಲ ತೆಗೆಯುತ್ತಾರೆ. ನಿಮ್ಮಪ್ಪ ಹೇಳಿರಬೇಕು. ಹೇಳದಿದ್ದರೆ ನಾನು ಹೇಳುತ್ತಿದ್ದೇನೆ. ನೋಡು, ಹೇಳುವುದು ಎಷ್ಟು ಸುಲಭ.

ಮೂರು ವರ್ಷದ ಹಿಂದೆ ಮೊದಲನೇ ಸಲ ತೆಗೆದಾಗ ನೀನೂ ಇದ್ದೆ. ನಾನು ವೈನು, ಬಟ್ಟೆ, ಪೆಟ್ಟಿಗೆ ಎಲ್ಲ ಜೋಡಿಸಿಕೊಂಡು ಮಂಡಿಯೂರಿ ಕೂತಿದ್ದೆ. ನಲವತ್ತು ಮನೆಯ ಮೂಳೆ ತೊಳೆದವಳು ತನ್ನ ಗಂಡನದನ್ನು ತೊಳೆಯುವುದನ್ನು ನೋಡಲು ಊರೆಲ್ಲ ಸೇರಿತ್ತು. ಮುಚ್ಚಳ ತೆಗೆದರು. ಅವನು ಹಾಗೇ ಇದ್ದ. ಕರಗಿರಲಿಲ್ಲ. ಮೀಸೆ ಸಮೇತ. ಮದುವೆಯ ಕೋಟಿನ ಗುಂಡಿ ಸಮೇತ. ಕಲ್ಲಿರೋಯಿ ಕಿರುಚಿ ಬಿದ್ದಳು. ಎದ್ದ ಮೇಲೆ ಅವಳಂದದ್ದು ಈ ಊರಿನಲ್ಲಿ ಇನ್ನೂ ಓಡಾಡುತ್ತಿದೆ, "ನಮ್ಮಣ್ಣ ಉಪ್ಪು ಹಾಕಿದ ಮೀನಿನ ಹಾಗೆ ಬಂದ! ಯಾವಳೋ ಶಾಪದ ನಾಲಿಗೆ ಹಾಕಿದಾಳೆ!"

ಮಣ್ಣು ಕರಗಿಸದ ಹೆಣಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇಲ್ಲ ಅಂತ ನಿನಗೆ ಹೇಳಬೇಕಿಲ್ಲ. ಪಾದ್ರಿ ಗುಂಡಿಯ ಸುತ್ತ ಎಲ್ಲರನ್ನೂ ನಿಲ್ಲಿಸಿ, "ಯಾರ ಬಾಯಿಂದಲಾದರೂ ಈ ಮನುಷ್ಯನ ಮೇಲೆ ಮಾತು ಬಿದ್ದಿದ್ದರೆ ಈಗಲೇ ಬಿಡಿಸಿ" ಅಂದರು. ಒಬ್ಬೊಬ್ಬರೇ ಬಗ್ಗಿ ಹಿಡಿ ಮಣ್ಣು ಹಾಕಿ, ಮೂರು ಸಲ, "ನನ್ನಿಂದಲೂ ಕ್ಷಮೆ, ದೇವರಿಂದಲೂ ಕ್ಷಮೆ" ಅಂದರು. ನಾನೂ ಮಣ್ಣು ಹಾಕಿದೆ. ಮತ್ತೆ ಹೂಳಿದೆವು. ವಾಪಸು ಬರುವಾಗ ದಾರಿಯುದ್ದಕ್ಕೂ ನೀನು ನನ್ನ ತೋಳು ಹಿಡಿದು, "ಶಾಪಾನೂ ಇಲ್ಲ ಏನೂ ಇಲ್ಲ ಅಜ್ಜಿ. ಅಲ್ಲಿರೋದು ಜೇಡಿಮಣ್ಣು, ನೀರು ಇಂಗಲ್ಲ, ಗಾಳಿ ಆಡಲ್ಲ. ಅದಕ್ಕೇ ಕರಗಿಲ್ಲ" ಅಂದೆ. ಆವತ್ತು ನನ್ನ ಮುಖ ನೋಡಿಯೇ ನೀನು ಈ ನೀರಿನ ಕೆಲಸ ಕಲಿಯಲು ಹೋದೆ ಅಂತ ನಿಮ್ಮಪ್ಪ ಮೊನ್ನೆ ಹೇಳಿದ. "ಯಾರ ಮನೇಲೂ ಅಜ್ಜಿ ಥರ ಯಾರೂ ನಿಂತ್ಕೋಬಾರದು" ಅಂದೆಯಂತೆ. ಮನುಷ್ಯರಿಗೆ ಕಾನೂನು ಬಿಡುವುದಿಲ್ಲ, ನಾಯಿ ಬೆಕ್ಕಿಗಾದರೂ ಇರಲಿ ಅಂದೆಯಂತೆ.

ಇದನ್ನು ನೀನು ನನಗೆ ಯಾಕೆ ಹೇಳಲಿಲ್ಲ? ಹೇಳಬೇಕಾದ್ದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಹೊರಗೆ ಮೆಲ್ಲಗೆ, ಬೆಚ್ಚಗೆ ಅನ್ನುವ ಈ ಬುದ್ಧಿ ಯಾರಿಂದ ಬಂತು ಅಂತ ಕೇಳಲು ಹೊರಟೆ. ಬೇಡ. ಕೇಳುವುದಿಲ್ಲ.

ಒಂದು ನೆನಪು ಬಂತು. ನಿನಗೆ ಏಳು ವರ್ಷ. ನಾನು ಸಾಬೂನಿನ ಹಂಡೆ ಬಿಟ್ಟು ನೀರು ತರಲು ಹೋದಾಗ ಕುರಿಮರಿಯ ದವಡೆಯನ್ನು ಕದ್ದು ಹಂಡೆಗೆ ಎಸೆದಿದ್ದೆ. ಸಾಬೂನು ಕೊಯ್ಯುವಾಗ ಚಾಕುವಿಗೆ ಕಟಕ್ ಅಂತ ತಾಗಿತು. ತೆಗೆದರೆ ಹಿಮದ ಹಾಗೆ ಬಿಳಿ, ಒಂದು ಎಳೆ ಮಾಂಸ ಇಲ್ಲ. ನಾನು ಎರಡು ಬಾರಿಸಿದೆ. ನೀನು ಅಳಲೇ ಇಲ್ಲ. "ಅಜ್ಜಿ, ಎಷ್ಟು ಚೆನ್ನಾಗಿ ಸ್ನಾನ ಆಗಿದೆ ಇದಕ್ಕೆ!" ಅಂದೆ. ಆ ದವಡೆ ವರ್ಷಗಟ್ಟಲೆ ಕಿಟಕಿಯಲ್ಲಿ ಇತ್ತು. ಅಂದರೆ ತಪ್ಪು ನನ್ನದೇ, ಇನ್ನೆರಡು ಬಿಗಿದಿದ್ದರೆ ಇವತ್ತು ನೀನು ಎಲ್ಲೋ ಬ್ಯಾಂಕಿನಲ್ಲಿ ಕೂತಿರುತ್ತಿದ್ದೆ.

ಕೇಳು. ನಿನ್ನ ಕೆಲಸ ಕೆಟ್ಟದ್ದು ಅಂತ ನಾನು ಬರೆಯುತ್ತಿಲ್ಲ. ಯೋಚನೆ ಮಾಡಿದೆ, ಈಗ ನನಗೆ ನಾಯಿಯೂ ಇಲ್ಲ, ಯೋಚನೆಗೆ ಬೇಕಾದಷ್ಟು ಹೊತ್ತಿದೆ. ಬೆಂಕಿ ಆಗಿದ್ದರೆ ನನಗೆ ಇನ್ನೂ ಸಂಕಟ ಆಗುತ್ತಿತ್ತು, ಮೂರ್ಗೋಸ್ ಮುಚ್ಚಿದ ಒಲೆಯ ಪಕ್ಕ ಮಲಗಿದರೂ ಬೆಂಕಿಕಡ್ಡಿ ಗೀರಿದರೆ ಮಂಚದ ಕೆಳಗೆ ಹೋಗುವವನು. ನೀರಿಗೆ ಹೆದರುತ್ತಿರಲಿಲ್ಲ, ಹೊಳೆ ಕಂಡರೆ ಬೀಳುತ್ತಿದ್ದ. ಹೊಗೆ ಇಲ್ಲದಿರುವುದೂ ಒಳ್ಳೆಯದೇ, ಈ ಬೆಟ್ಟಕ್ಕೆ ಹೊಗೆ ಸಾಕಷ್ಟಾಗಿದೆ. ಕೆಲಸ ಕೆಟ್ಟದ್ದಲ್ಲ. ಕೇಳದೆ ಮಾಡಿದೆಯಲ್ಲ, ಅದು ಕೆಟ್ಟದ್ದು. ನೀರಿನ ಕೆಲಸ ಎಷ್ಟು ಕಲಿತರೂ, ಪೀಪಾಯಿ ಎಷ್ಟು ಹೊಳೆದರೂ, ಬಾಗಿಲಲ್ಲಿ ನಿಂತ ಮನುಷ್ಯನನ್ನು ಒಂದು ಮಾತು ಕೇಳದಿದ್ದರೆ ಅದು ಸಾಬೂನಿನ ಹಂಡೆಯೇ. ಇವತ್ತಿನಿಂದ ಬಂದವರನ್ನೆಲ್ಲ ಕೇಳು, "ಪುಡಿ ಬೇಕೋ, ಮೂಳೆ ಬೇಕೋ?" ಹೆದರುವವರು ಹೆದರಲಿ. ಹತ್ತರಲ್ಲಿ ಒಬ್ಬಳು ಹಳ್ಳಿಯ ಮುದುಕಿ ಇರುತ್ತಾಳೆ, ಅವಳಿಗೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ. ಅವಳಿಗೆ ಒಂದು ಬಿಳಿ ಬಟ್ಟೆ ಹಾಸಿಕೊಡು.

ಬೂದು ಕೋಟಿನ ಹೆಂಗಸಿನ ವಿಳಾಸ ನಿನ್ನ ಪುಸ್ತಕದಲ್ಲಿ ಇರುತ್ತದೆ. ಅವಳಿಗೆ ಹೇಳು, ಆವತ್ತು ಕಿರುಚಿದ ಮುದುಕಿಯ ನಾಯಿ ಹೊಸದಾಗಿ ಸತ್ತಿತ್ತು ಅಂತ. ಅಷ್ಟು ಸಾಕು. ಬೆಕ್ಕು ಸಾಕಿದವಳಿಗೆ ಅರ್ಥ ಆಗುತ್ತದೆ. ಕ್ಷಮೆ ಗಿಮೆ ಅಂತ ನನ್ನ ಹೆಸರಿನಲ್ಲಿ ಏನೂ ಸೇರಿಸಬೇಡ.

ಇನ್ನು ನೀನು ಕೊಟ್ಟ ಕ್ಯಾನು. ಟೊಮೇಟೊ ಬುಡಕ್ಕೆ ಹಾಕುವುದಿಲ್ಲ. ಮೂರ್ಗೋಸನನ್ನು ಉಪ್ಪು ಹಚ್ಚಿ ತಿನ್ನಲು ನನ್ನಿಂದಾಗದು. ಕ್ಯಾನು ಖಾಲಿಯಾಗಿದೆ. ಎಲ್ಲಿಗೆ ಹೋಯಿತು ಅಂತ ಕೇಳಬೇಡ. ಡಬ್ಬಿಯೂ ಖಾಲಿ. ಅದರಲ್ಲಿ ಈಗ ಗುಂಡಿ, ಸೂಜಿ ಇಟ್ಟಿದ್ದೇನೆ, ರಟ್ಟು ಗಟ್ಟಿಯಾಗಿದೆ.

ಶನಿವಾರ ಸತ್ತವರ ಹೆಸರಿನಲ್ಲಿ ಹಂಚಲು ಗೋಧಿ ಬೇಯಿಸಬೇಕು, ಬಾದಾಮಿ ಸುಲಿಯಬೇಕು. ಕಲ್ಲಿರೋಯಿ ನಾಳೆಯೇ ಬಂದು ಕೂರುತ್ತಾಳೆ, ಮೂರು ವರ್ಷದ ಹಿಂದಿನದನ್ನು ಮತ್ತೆ ಮೊದಲಿನಿಂದ ಹೇಳುತ್ತಾಳೆ. ಊರೆಲ್ಲ ಬರುತ್ತದೆ. ಈ ಸಲವೂ ಹಾಗೇ ಬಂದರೆ ನಾನು ಇನ್ನು ಯಾರ ಮೂಳೆಯನ್ನೂ ಮುಟ್ಟುವ ಹಾಗಿಲ್ಲ, ಯಾರೂ ಕರೆಯುವುದೂ ಇಲ್ಲ. ಇರಲಿ. ಉಣ್ಣೆಯ ಕಾಲುಚೀಲ ಹಾಕಿಕೋ, ನಿನ್ನ ಶೆಡ್ಡಿನ ನೆಲ ಸಿಮೆಂಟು.

ಕೋಪ ಹಾಗೇ ಇದೆ, ಸಂಶಯ ಬೇಡ.

ಇಂತಿ,
ನಾಲ್ಕನೇ ಹೆಣ್ಣಾಗಿ ಹುಟ್ಟಿದ್ದಕ್ಕೆ "ಇನ್ನು ಸಾಕು, ನಿಲ್ಲಿಸು" ಅಂತ ಹೆಸರಿಡಿಸಿಕೊಂಡು, ಇಂದಿಗೂ ಬಾಯಿ ನಿಲ್ಲಿಸದ,
ನಿನ್ನ ಅಜ್ಜಿ ಸ್ತಮಾತಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಇದನ್ನು ಓದಿ ಒಲೆಗೆ ಹಾಕು, ನಿಮ್ಮಪ್ಪನಿಗೆ ತೋರಿಸಬೇಡ.

ಕಲ್ಲಿರೋಯಿ ಹೇಳಿದ ಆ ನಾಲಿಗೆ ನನ್ನದು.

ಮೂರ್ಗೋಸನ ತಾಯಿ ಕಾನೆಲಾ ನಿನಗೆ ನೆನಪಿರಬೇಕು. ನಾನು ಮಂದೆಯ ಹತ್ತಿರ ಹಿಮದಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಬೆಳಗಿನಿಂದ ಸಂಜೆ ತನಕ ನನ್ನ ಮೈಮೇಲೆ ಮಲಗಿ ನನ್ನನ್ನು ಬದುಕಿಸಿದವಳು. ಮೂರ್ಗೋಸನನ್ನು ಹೆತ್ತ ವರ್ಷ ಅವಳಿಗೆ ಕಿವಿ ಹೋಯಿತು. ನಿಮ್ಮ ತಾತ ಒಂದು ತುಂಡು ರೊಟ್ಟಿ ತೋರಿಸಿ ಅವಳನ್ನು ಕೊರಕಲಿಗೆ ಕರೆದುಕೊಂಡು ಹೋಗಿ ಗುಂಡು ಹೊಡೆದ. ಹೂಳಲೂ ಇಲ್ಲ. ಕುರುಬರೆಲ್ಲ ಹಾಗೇ ಮಾಡುತ್ತಿದ್ದರು. ಬಂದು ಕೈ ತೊಳೆಯುತ್ತ, "ಕಿವುಡು ನಾಯಿ ಇಟ್ಕೊಳ್ಳೋಕೆ ನಾವೇನು ಆಸ್ಪತ್ರೆ ನಡೆಸ್ತೀವಾ?" ಅಂದ. ನಾನು ಹಿಟ್ಟು ನಾದುತ್ತಿದ್ದೆ. ತಲೆ ಎತ್ತದೆ ಅಂದೆ, "ನಿನ್ನನ್ನ ಮಣ್ಣು ಕರಗಿಸದೆ ಹೋಗಲಿ, ಝೀಸಿಸ್." ಅವನು ನಕ್ಕ. "ನಾಯಿಗೋಸ್ಕರ ಗಂಡನಿಗೆ ಶಾಪ ಹಾಕ್ತೀಯೇನೇ?" ಅಂದ. ಆಮೇಲೆ ಆರು ವರ್ಷ ಒಂದೇ ತಟ್ಟೆಯಲ್ಲಿ ಉಂಡೆವು. ಮಾತನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ.

ಸಾಯುವಾಗ ನನ್ನ ಕೈ ಹಿಡಿದು, "ಸ್ತಮಾತಾ, ಕ್ಷಮಿಸು" ಅಂದ. "ದೇವರಿಂದ ಕ್ಷಮೆ" ಅಂದೆ ನಾನು, ಅರ್ಧವನ್ನಷ್ಟೇ ಹೇಳಿದ ಹೆಂಗಸು. ಅವನು "ನನ್ನಿಂದಲೂ" ಅನ್ನುವ ಇನ್ನರ್ಧಕ್ಕೆ ಕಾಯುತ್ತ ನನ್ನ ಬಾಯಿಯನ್ನೇ ನೋಡಿದ. ಮೂರು ವರ್ಷದ ಹಿಂದೆ ಗುಂಡಿಯ ಹತ್ತಿರ ಊರೆಲ್ಲ ಪೂರ್ತಿ ಹೇಳಿದಾಗಲೂ ನಾನು ಅರ್ಧವೇ ಹೇಳಿದೆ. ಬಾಯಿಗೆ ಬರಲಿಲ್ಲ ಮಗಳೇ. ಅದಕ್ಕೇ ಆ ಗುಂಡಿ ತೋಡಿದ್ದೆ. ಕಾನೆಲಾಳ ಮಗ ಮುದಿಯಾಗಿ ತನ್ನಷ್ಟಕ್ಕೆ ಸಾಯಬೇಕು, ಅವನನ್ನು ಝೀಸಿಸ್‌ನ ತಲೆಯ ಹತ್ತಿರ ನಾನು ಮರ್ಯಾದೆಯಿಂದ ಮಲಗಿಸಬೇಕು, ಆಗಲಾದರೂ ಮಾತು ಬರುತ್ತದೆ ಅಂತ ಲೆಕ್ಕ ಹಾಕಿದ್ದೆ. ನೀನು ನನ್ನ ಲೆಕ್ಕವನ್ನೇ ನೀರಿಗೆ ಹಾಕಿದೆ. ಅದಕ್ಕೆ ಅಷ್ಟು ಕಿರುಚಿದೆ.

ಮೊನ್ನೆ ಗುರುವಾರ ಮಧ್ಯಾಹ್ನ ಯಾರೂ ಇಲ್ಲದಾಗ ಹೋದೆ. ಪುಡಿಯನ್ನು ವೈನಿನಲ್ಲಿ ಕಲಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ಆಮೇಲೆ ಗೋಡೆಯ ಒಳಗೆ ಬಂದು ನಿನ್ನ ನೀಲಿ ಕ್ಯಾನನ್ನು ಝೀಸಿಸ್‌ನ ಮೇಲೆ ಸುರಿದೆ, ತಲೆಯಿಂದ ಕಾಲಿನ ತನಕ, ಹತ್ತು ಲೀಟರೂ. ನಾಯಿಯನ್ನು ಕರಗಿಸಿದ ನೀರು ಗಂಡನನ್ನೂ ಕರಗಿಸಲಿ ಅಂತ. ನಗು, ಪರವಾಗಿಲ್ಲ. ನೀನು ಹೇಳಿದ ಜೇಡಿಮಣ್ಣು ಕುಡಿಯದೆ ಮೇಲೇ ನಿಲ್ಲಿಸಿಕೊಂಡಿತ್ತು. ನಾನು ಕೂತು ಕಾದೆ. ಕಾಯುತ್ತ ಕೂತಾಗ ಮಾತು ತಾನಾಗೇ ಬಂತು. ಪೂರ್ತಿ ಬಂತು. ಮೂರು ಸಲ. ತಲೆ ಎತ್ತಿ ನೋಡಿದರೆ ನೀರು ಇಂಗಿತ್ತು.

ಕರಗಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡು ದಿನದಿಂದ ಊಟ ಸೇರುತ್ತಿಲ್ಲ. ಶನಿವಾರ ಎಂಟು ಗಂಟೆಗೆ ಮುಚ್ಚಳ ತೆಗೆಯುತ್ತಾರೆ. ನೀನು ಬಾ, ನನ್ನ ಪಕ್ಕ ಕೂರು, ಬಿಳಿ ಮೂಳೆ ನೋಡಿ ಅಭ್ಯಾಸ ಇರುವ ಕೈ ಈ ಮನೆಯಲ್ಲಿ ನಮ್ಮಿಬ್ಬರದೇ. ವೈನು ನಾನು ತರುತ್ತೇನೆ. ಕಲ್ಲಿರೋಯಿಗೆ ಕಾಣದ ಹಾಗೆ ಕಾರಿನ ಡಿಕ್ಕಿಯಲ್ಲಿ ಇನ್ನೊಂದು ಕ್ಯಾನು ಇಟ್ಟುಕೊಂಡು ಬಾ.